ದಫೇದಾರನ ಪಾದಚಿಕಿತ್ಸೆ

"ಎತ್ತಿನ ಕಾಲು ನೋಡ್ದೋನಿಗೆ ನಾಯಿ ಕಾಲು ಏನ್ ಮಹಾ!"

ಲೊಕ್ಕನಹಳ್ಳಿಯ ಸದಾಶಿವಪ್ಪನವರು ಮನೆಯ ಜಗಲಿಯ ಮೇಲೆ ನಿಂತು ಹೀಗೆ ಘೋಷಣೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಅವರ ಹೆಂಡತಿ ಚನ್ನಾಜಮ್ಮ, ಮೊರ ಹಿಡಿದು ಅವರೆಕಾಳು ಆರಿಸುತ್ತಿದ್ದರು. ಇನ್ನೊಬ್ಬ ಸಾಕ್ಷಾತ್ ರೋಗಿ. ಮುಂಗಾಲೊಂದನ್ನು ಮೇಲಕ್ಕೆತ್ತಿಕೊಂಡು, ಯಜಮಾನರ ಮುಖವನ್ನೇ ನೋಡುತ್ತಾ ಕೂತಿದ್ದ.

ರೋಗಿಯ ಹೆಸರು ದಫೇದಾರ. ನಿಜವಾದ ದಫೇದಾರರು ರಾಮಾಪುರದ ಠಾಣೆಯಲ್ಲಿದ್ದರು, ಅದು ಬೇರೆ ವಿಷಯ. ಸದಾಶಿವಪ್ಪನವರ ರಾಗಿ ಹೊಲದ ಮಟ್ಟಿಗೆ ಕಾನೂನು, ಕಟ್ಟಲೆ, ಗಸ್ತು ಎಲ್ಲವೂ ಈ ನಾಯಿಯದೇ. ಹೊಲದ ಆಚೆಗೆ ಕಾಡು. ಕಾಡಿನ ತುಂಬ ಹಂದಿಗಳು. ಆ ಹಂದಿಗಳು ಡಬ್ಬದ ಸದ್ದಿಗೆ ಹೆದರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಬೆಂಕಿ ಹಾಕಿದರೆ ಚಳಿ ಕಾಯಿಸಿಕೊಳ್ಳಲು ಬಂದಾವೇನೋ ಎಂಬ ಅನುಮಾನ ಊರಿನವರಿಗೆ! ಅವು ಬಾಲ ಮುದುರುತ್ತಿದ್ದದ್ದು ದಫೇದಾರನ ಬೊಗಳಿಗೆ ಮಾತ್ರ. ಅಂಥ ದಫೇದಾರ ಹಿಂದಿನ ದಿನ ಹಂದಿಯೊಂದನ್ನು ಅಟ್ಟಿಸಿಕೊಂಡು ಮುಳ್ಳುಬೇಲಿಯೊಳಗೆ ನುಗ್ಗಿ, ಅಂಗಾಲು ಕೆಡಿಸಿಕೊಂಡು ಕುಂಟುತ್ತಾ ಬಂದಿದ್ದ. ರಾಗಿ ತೆನೆ ಬಲಿತು ಕುಯ್ಲಿಗೆ ಕಾದಿತ್ತು. ನಾಯಿ ಮನೆಯಲ್ಲಿ ಮಲಗಿದರೆ ವರ್ಷದ ಹಿಟ್ಟು ಹಂದಿಯ ಹೊಟ್ಟೆಗೆ.

"ಅನೂರ್‌ಗಂಟ ಗಾಡೀಲಿ ಓಗಿ, ಇದ್ಲಲ್ಲಿ ಓಡೋ ಬಸ್ ಅತ್ಕಂಡು, ಕೊಳ್ಳೇಗಾಲದ ದನದಾಸ್ಪತ್ರೆಗೆ ತೋರ್ಸ್ಕಂಡ್ ಬನ್ನಿ" ಎಂದರು ಚನ್ನಾಜಮ್ಮ.

"ಆ ಬಸ್ಸೇ ದಿಣ್ಣೆ ಅತ್ತಲ್ಲ ಕಣಮ್ಮಿ, ನಾವೇ ಇಳ್ದು ತಳ್ಬೇಕು! ಅದ್ರಲ್ಲಿ ನಾಯೀನ ತೊಡೆ ಮೇಲೆ ಕೂರಿಸ್ಕಂಡು ಓಗ್ಲಾ? ಕಂಡೋರು ಏನಂದಾರು?"

"ಅಂಗಾರೆ ಬೆಚ್ಗಿನ ನೀರಲ್ಲಿ ಕಾಲು ತೊಳ್ದು, ಒಳಗೇನದೆ ಅಂತ ನೋಡಿ, ಅರಿಸ್ನ ಅಚ್ಚಿ. ಎರಡ್ ದಿನ ಮನೇಲಿ ಬಿದ್ದಿರ್ಲಿ ಪಾಪ."

"ಎರಡ್ ದಿನವಾ! ಅಷ್ಟೊತ್ಗೆ ಅಂದಿಗೋಳು ನಮ್ ರಾಗಿ ಉಂಡು, ಕೈ ತೊಳ್ಕಂಡು, ಎಲಡ್ಕೆ ಆಕಂಡು ಓಗಿರ್ತವೆ. ಇವತ್ ಸಂಜೇಗೇ ಇವ್ನು ಒಲದಲ್ಲಿರ್ಬೇಕು. ಇರ್ತಾನೆ! ಎತ್ತು ಸಾಕಿದ್ ಕೈ ಕಣಮ್ಮಿ ಇದು!"

ಈ ಮಾತನ್ನು ಹೆಂಡತಿಗೆ ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಅದೇ ಹೊತ್ತಿಗೆ ಪಕ್ಕದ ಹೊಲದ ಪುಟ್ಟಮಾದಪ್ಪ ಬೀದಿಯಲ್ಲಿ ಹೋಗುತ್ತಿದ್ದ. ಅವನನ್ನೂ ನಿಲ್ಲಿಸಿ, "ಸಂಜೆ ಕಿವಿ ಕೊಟ್ಟು ಕೇಳು, ನಮ್ ದಫೇದಾರನ ದನಿ ನಿನ್ ಒಲಕ್ಕೂ ಕೇಳ್ತದೆ" ಎಂದುಬಿಟ್ಟರು. ಪುಟ್ಟಮಾದಪ್ಪ ನಾಯಿಯ ಎತ್ತಿದ ಕಾಲನ್ನೊಮ್ಮೆ ನೋಡಿ, "ಕೇಳ್ತೀನಿ ಬುಡಣ್ಣ" ಎಂದು ಹೋದ. ಹೋಗುವಾಗ ಅವನ ಮೀಸೆ ಅಲ್ಲಾಡಿದ್ದು ಯಜಮಾನರ ಕಣ್ಣಿಗೆ ಬಿತ್ತು.

ಚಿಕಿತ್ಸೆ ಶುರುವಾಯಿತು.

ಎತ್ತಿಗೆ ಲಾಳ ಕಟ್ಟುವ ಮೊದಲು ಅದನ್ನು ಹಗ್ಗ ಹಾಕಿ ಕೆಡವಬೇಕು. ಇದು ಶಾಸ್ತ್ರ. ಸದಾಶಿವಪ್ಪನವರು ಶಾಸ್ತ್ರ ಬಿಡುವವರಲ್ಲ. ಮಣಭಾರದ ಹಳ್ಳಿಕಾರ್ ಎತ್ತನ್ನು ಕೆಡವುವ ಹಗ್ಗವನ್ನೇ ತಂದು, ದಫೇದಾರನ ಕಾಲಿಗೆ ಸುತ್ತಿ, "ಹೂಂ!" ಎಂದು ಎಳೆದರು. ಎತ್ತಾದರೆ ನಿಂತ ಕಡೆ ನಿಂತಿರುತ್ತದೆ. ನಾಯಿ ಯಜಮಾನರ ಕಾಲಿನ ಸಂದಿಯಲ್ಲಿ ನುಸುಳಿ, ಕಂಬವನ್ನೊಂದು ಸುತ್ತು ಬಂದು, ಮತ್ತೆ ನುಸುಳಿತು. ಧೊಪ್ಪೆಂದು ಸದ್ದಾಯಿತು. ಕೆಡವುವ ಕಾರ್ಯ ಶಾಸ್ತ್ರೋಕ್ತವಾಗಿ ನೆರವೇರಿತ್ತು, ಬಿದ್ದವರು ಮಾತ್ರ ಬೇರೆ!

"ಲಾಳ ಕಟ್ಟೋರ್ನ ಕರೀಲಾ?" ಎಂದರು ಚನ್ನಾಜಮ್ಮ, ಮೊರದಿಂದ ತಲೆಯೆತ್ತದೆ.

"ನಗ್ಬ್ಯಾಡ! ಕೀಲೆಣ್ಣೆ ಎಲ್ಲದೆ?"

ಕೀಲೆಣ್ಣೆ ಎಂದರೆ ಗಾಡಿಯ ಅಚ್ಚಿಗೆ ಹಾಕುವ ಎಣ್ಣೆ. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಎತ್ತಿನ ಹೆಗಲು ಹುಣ್ಣಾದರೆ ಇದನ್ನೇ ಬಳಿಯುವುದು. ನೊಣ ಹತ್ತಿರ ಸುಳಿಯುವುದಿಲ್ಲ. ಸದಾಶಿವಪ್ಪನವರು ನಾಯಿಗೆ ರೊಟ್ಟಿ ಚೂರು ತೋರಿಸಿ, ತಲೆ ಸವರಿ, ಮರುಳು ಮಾಡಿ ಕಾಲಿಗೆ ಧಾರಾಳವಾಗಿ ಕೀಲೆಣ್ಣೆ ಮೆತ್ತಿದರು. ಒಳಗೇನಿದೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ದಫೇದಾರ ಆ ಕರಿಪಾದದಲ್ಲಿ ಆಗ ತಾನೇ ಸಾರಿಸಿದ ಪಡಸಾಲೆ ದಾಟಿ, ಒಣಗಲು ಹಾಸಿದ್ದ ಯಜಮಾನರ ಬಿಳಿ ಪಂಚೆಯ ಈ ಅಂಚಿನಿಂದ ಆ ಅಂಚಿನವರೆಗೆ ರುಜು ಹಾಕಿ, ಅದರ ಮೇಲೆಯೇ ಮಲಗಿ, ಕಾಲು ನೆಕ್ಕತೊಡಗಿದ.

ಎತ್ತು ತನ್ನ ಹೆಗಲನ್ನು ತಾನು ನೆಕ್ಕಿಕೊಳ್ಳಲಾರದು. ನಾಯಿಗೆ ಆ ಕಷ್ಟವಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೀಲೆಣ್ಣೆಯಷ್ಟೂ ಒಳಗೆ ಹೋಗಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದು ಊರಿನ ಎಳೆ ಮಕ್ಕಳಿಗೂ ಗೊತ್ತು. ದಫೇದಾರ ಹಿತ್ತಲಿಗೆ ಓಡಿದ. ಬಂದ. ಮತ್ತೆ ಓಡಿದ. ಮೂರೇ ಕಾಲಲ್ಲಿ ಅಷ್ಟು ಜೋರಾಗಿ ಓಡಬಹುದೆಂದು ಯಾರೂ ಎಣಿಸಿರಲಿಲ್ಲ!

"ನೋಡ್ದಾ, ಎಂಗೆ ಓಡ್ತಾನೆ! ಗುಣ ಕಂಡದೆ" ಎಂದರು ಸದಾಶಿವಪ್ಪ.

"ಕಂಡದೆ, ಕಂಡದೆ. ಇತ್ಲಲ್ಲಿ ಓಗಿ ನೋಡಿ, ಅಲ್ಲೂ ಕಂಡದೆ" ಎಂದು ಚನ್ನಾಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಸದಾಶಿವಪ್ಪನವರು ಸೋಲಲಿಲ್ಲ. ತಪ್ಪು ಔಷಧಿಯದಲ್ಲ, ನಾಲಿಗೆಯದು! ನಾಲಿಗೆಯನ್ನು ಬಂಧಿಸಿದರೆ ಕಾಲು ತಾನಾಗಿ ವಾಸಿಯಾಗುತ್ತದೆ. ಕರು ಮಣ್ಣು ತಿನ್ನದಂತೆ ಕಟ್ಟುವ ಬಾಯಿಕುಕ್ಕೆ ಕೊಟ್ಟಿಗೆಯಲ್ಲಿ ನೇತಾಡುತ್ತಿತ್ತು. ಅದನ್ನು ದಫೇದಾರನ ಮೂತಿಗೆ ಸಿಕ್ಕಿಸಿದರು. ಸಡಿಲವಾಯಿತೆಂದು ಒಳಗೊಂದು ದಾರ ಸುತ್ತಿ, ಕಿವಿಯ ಹಿಂದೆ ಎತ್ತು ಕಟ್ಟುವ ಕಣ್ಣಿಹಗ್ಗಕ್ಕೆ ಹಾಕುವಂಥ ಗಂಟು ಹಾಕಿದರು. ಹೊಸದಾಗಿ ಕೀಲೆಣ್ಣೆ ಮೆತ್ತಿದರು. ದಫೇದಾರ ಕುಕ್ಕೆಯೊಳಗಿಂದ ಲೋಕವನ್ನು ನೋಡಿದ. ನಾಲಿಗೆ ಆಚೆ ಬರಲಿಲ್ಲ. ಸದಾಶಿವಪ್ಪನವರು ಸಂತೋಷದಿಂದ ಇನ್ನೊಂದು ಲೋಟ ಮಜ್ಜಿಗೆ ಕುಡಿದರು.

ಹೊತ್ತು ಇಳಿಯುವಾಗ ವೈದ್ಯರು, ರೋಗಿ ಇಬ್ಬರೂ ಹೊಲಕ್ಕೆ ಹೊರಟರು. ಒಬ್ಬರು ಅಟ್ಟಣೆಯ ಮೇಲೆ, ಒಬ್ಬ ಕೆಳಗೆ. ದೀಪ ಹಚ್ಚುವ ಹೊತ್ತಿಗೇ ಬೇಲಿಯ ಕಡೆಯಿಂದ ಗುಟುರು ಗುಟುರು ಸದ್ದು. ಹಂದಿಗಳು ಸಂಸಾರ ಸಮೇತ ಬಂದಿದ್ದವು.

"ಇಡಿ ಮಗ್ನೆ! ಬೊಗ್ಳು!" ಎಂದು ಸದಾಶಿವಪ್ಪ ಅಪ್ಪಣೆ ಕೊಟ್ಟರು.

"ಮ್ಮ್" ಎಂದ ದಫೇದಾರ.

"ಬೊಗ್ಳೋ!"

"ಮ್ಮ್ ಮ್ಮ್."

ಆಗ ಸದಾಶಿವಪ್ಪನವರಿಗೆ ಹೊಳೆಯಿತು. ನಾಯಿ ನೆಕ್ಕುವುದೂ ಬೊಗಳುವುದೂ ಒಂದೇ ಬಾಯಿಂದ!

ದಡಬಡ ಇಳಿದು ಗಂಟು ಬಿಚ್ಚಲು ಕೈ ಚಾಚಿದರು. ಬೆಳಗಿನಿಂದ ಆ ಕೈ ಹತ್ತಿರ ಬಂದಾಗಲೆಲ್ಲ ಏನೇನಾಯಿತೆಂಬುದು ದಫೇದಾರನಿಗೆ ಚೆನ್ನಾಗಿ ನೆನಪಿತ್ತು. ಇನ್ನೊಂದು ಚಿಕಿತ್ಸೆ ಬಂತೆಂದು ಅವನು ಕಾಲಿಗೆ ಬುದ್ಧಿ ಹೇಳಿದ, ಮೂರು ಕಾಲಿಗೆ. "ಬಾರೋ ನನ್ನಪ್ಪ, ಬಾರೋ ನನ್ ದೊರೆ!" ಎಂದು ಯಜಮಾನರು ಬದುವಿನುದ್ದಕ್ಕೂ ಅಂಗಲಾಚಿದರು. ದೊರೆ ಕತ್ತಲಲ್ಲಿ ಮಾಯವಾದ.

ಅತ್ತ ರಾಗಿ ತೆನೆ ಚರಚರ ಮುರಿಯತೊಡಗಿತು. ಆ ಸದ್ದು ಸದಾಶಿವಪ್ಪನವರ ಕರುಳಿಗೇ ಕೇಳಿಸಿತು. ಉತ್ತು, ಬಿತ್ತಿ, ಕಳೆ ಕಿತ್ತು, ಮಗುವಿನಂತೆ ನೋಡಿಕೊಂಡ ಬೆಳೆ. ನಿಜವಾಗಿ ಅಳು ಬಂತು. "ಹೋ! ಹಚಾ!" ಎಂದು ಕೂಗಿದರು. ಹಂದಿಗಳು ಒಮ್ಮೆ ತಲೆಯೆತ್ತಿ, ಮನುಷ್ಯ ಎಂದು ಖಚಿತಪಡಿಸಿಕೊಂಡು, ಊಟ ಮುಂದುವರಿಸಿದವು. ಇದು ಸಾಲದೆಂಬಂತೆ ಪಕ್ಕದ ಅಟ್ಟಣೆಯಿಂದ ಪುಟ್ಟಮಾದಪ್ಪನ ದನಿ ತೇಲಿಬಂತು:

"ಸದಾಶಿವಣ್ಣೋ! ಕಿವಿ ಕೊಟ್ಕಂಡು ಕೂತಿವ್ನಿ! ಎಲ್ಲಣ್ಣ ದಫೇದಾರನ ದನಿ?"

ಒಂದು ಕಡೆ ರಾಗಿ, ಒಂದು ಕಡೆ ಮಾನ! ಸದಾಶಿವಪ್ಪನವರು ಸುತ್ತಲೂ ನೋಡಿದರು. ರುಮಾಲು ತೆಗೆದು ಬದುವಿನ ಮೇಲಿಟ್ಟರು. ಊರಿನ ನ್ಯಾಯ ಹೇಳುವ ಯಜಮಾನ, ಇಬ್ಬರು ಅಳಿಯಂದಿರ ಮಾವ, ರಾಗಿ ಸಾಲಿನ ನಡುವೆ ಮಂಡಿಯೂರಿ, ಎದೆ ತುಂಬ ಉಸಿರೆಳೆದು, "ಭೌ!" ಎಂದರು.

ಚರಚರ ನಿಂತಿತು.

"ಭೌ! ಭೌ ಭೌ! ಗುರ್‌ರ್‌ರ್... ಭೌ!"

ಹಂದಿಗಳು ನೂಕಾಡಿಕೊಂಡು ಬೇಲಿಯ ಕಡೆ ಓಡಿದವು! ಸದಾಶಿವಪ್ಪನವರ ಮೈ ಜುಮ್ಮೆಂದಿತು. ಆದರೆ ಅವು ಬೇಲಿಯ ಆಚೆಗೆ ನಿಂತು ಕಾಯುತ್ತಿದ್ದವು. ಬೊಗಳು ನಿಲ್ಲಿಸಿದರೆ ಮೂತಿ ಒಳಗೆ ಹಾಕುತ್ತಿದ್ದವು. ಹೀಗಾಗಿ ಈ ಕಸುಬು ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ ಎಂಬುದು ಅವರಿಗೆ ಬೇಗನೆ ತಿಳಿಯಿತು. ಬೊಗಳಿದರು, ಕೆಮ್ಮಿದರು, ನೀರು ಕುಡಿದು ಮತ್ತೆ ಬೊಗಳಿದರು.

ಬೆಳಗಾದ ಮೇಲೆ ಮೈತುಂಬ ಧೂಳಾಗಿ, ಮಂಡಿ ತರಚಿಕೊಂಡು ಮನೆಗೆ ಬಂದರೆ ಒಲೆಯ ಪಕ್ಕ ದಫೇದಾರ! ಬಾಯಿಕುಕ್ಕೆ ಇಲ್ಲ. ಕಾಲು ತೊಳೆದು, ಅರಿಸಿನ ಹಚ್ಚಿ, ಹಳೆ ಸೀರೆಯ ಚೂರು ಕಟ್ಟಿದೆ. ಹಾಲಿನ ಬಟ್ಟಲು ಖಾಲಿಯಾಗಿದೆ. ಬಟ್ಟಲ ಪಕ್ಕದಲ್ಲಿ ಉದ್ದನೆಯದೊಂದು ಮುಳ್ಳು.

"ಯಾ..." ಎಂದರು ಸದಾಶಿವಪ್ಪ. ಮುಂದಕ್ಕೆ ದನಿಯೇ ಇಲ್ಲ. ಕೈಯಲ್ಲೇ ಕೇಳಿದರು, ಇವನು ಯಾವಾಗ ಬಂದ?

"ದೀಪ ಅಚ್ಚಿದ್ ಗಳ್ಗೇಗೇ ಬಂದು ನನ್ ಮಡ್ಲಲ್ಲಿ ಮೂತಿ ಇಟ್ಟ. ಮುಳ್ಳು ತಗ್ದೆ, ಮನಿಕಂಡ" ಎಂದರು ಚನ್ನಾಜಮ್ಮ. "ನಾಯಿ ಇಲ್ಲಿ ಮನಿಕಂಡದೆ, ಒಲದಲ್ಲಿ ಬೊಗ್ಳಾಟ ಕೇಳ್ತದೆ! ಮೊದ್ಲು ದಿಗ್ಲಾಯ್ತು. ಆಮೇಕೆ ನಡುನಡುವೆ ಕೆಮ್ಮು ಕೇಳುಸ್ತು ನೋಡಿ, ಯಾರ್ದು ಅಂತ ತಿಳೀತು."

ಸದಾಶಿವಪ್ಪನವರು ಜಗಲಿಯ ಮೇಲೆ ಕುಸಿದು ಕೂತರು. ಅಷ್ಟರಲ್ಲಿ ಪುಟ್ಟಮಾದಪ್ಪ ಓಡುತ್ತಾ ಬಂದ. ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ, ಭಕ್ತಿಯಿತ್ತು.

"ತೆಪ್ಪಾಯ್ತು ಕಣಣ್ಣ! ನಾನು ನಂಬಿರ್ನಿಲ್ಲ. ಎಂಥಾ ಔಸ್ದಿ ಮಾಡ್ದೆ ನೀನು! ಅಂಥಾ ಬೊಗ್ಳು ಈ ಸೀಮೇಲೇ ಕೇಳಿಲ್ಲ. ಕೊನೇಗೆ ನಿನ್ ಒಲ ಬುಟ್ಟ ಅಂದಿಗೋಳೆಲ್ಲ ನನ್ ಒಲಕ್ಕೆ ನುಗ್ದೋ. ಕೈ ಮುಗೀತೀನಿ, ಇವತ್ತೊಂದ್ ದಿನ ದಫೇದಾರನ್ನ ನಮ್ ಒಲಕ್ಕೆ ಕಳ್ಸ್ಕೊಡಣ್ಣ!"

ಸದಾಶಿವಪ್ಪನವರು ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ. ಹೆಂಡತಿಯ ಕಡೆ ದೈನ್ಯದಿಂದ ನೋಡಿದರು.

ಚನ್ನಾಜಮ್ಮ ಒಲೆಯ ಮೇಲಿಂದ ಮೆಣಸಿನ ಕಷಾಯ ಇಳಿಸಿ, ಲೋಟಕ್ಕೆ ಬಗ್ಗಿಸಿ, ತಂದು ಗಂಡನ ಕೈಗಿಟ್ಟರು.

"ನಾಯೀನ ಬೇಕಾದ್ರೆ ಈಗ್ಲೇ ಕರ್ಕಂಡೋಗಪ್ಪ" ಎಂದರು ಪುಟ್ಟಮಾದಪ್ಪನಿಗೆ. "ಬೊಗ್ಳೋರ್ನ ಮಾತ್ರ ಇವತ್ ಕಳ್ಸಕಾಗಲ್ಲ. ಗಂಟ್ಲು ಕಟ್ಕಂಡದೆ."