ಗೌಡರ ಕಾರಿನ ನೀರಡಿಕೆ

ಗ್ಯಾರೇಜು ಇಟ್ಟವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾವು ಬಾನೆಟ್ ಎತ್ತಿ, ತಲೆ ಒಳಗೆ ತೂರಿಸಿ ಕಾರಣ ಹುಡುಕುತ್ತಿರುತ್ತೇವೆ. ಕಾರಣ ಮಾತ್ರ ಹಿಂದಿನ ಸೀಟಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತದೆ.

ಎಪ್ಪತ್ತರ ದಶಕದಲ್ಲಿ ಸಿಂದಗಿಯಲ್ಲಿ ನನ್ನದೊಂದು ತಗಡಿನ ಶೆಡ್ಡಿತ್ತು. ಟ್ರ್ಯಾಕ್ಟರು, ಜೀಪು, ನೀರೆತ್ತುವ ಇಂಜಿನ್ನು, ಏನು ಬಂದರೂ ಬಿಚ್ಚುತ್ತಿದ್ದೆ. ಬಿಚ್ಚಿದ್ದನ್ನು ತಿರುಗಿ ಜೋಡಿಸುತ್ತಲೂ ಇದ್ದೆ, ಕೊನೆಗೆ ಒಂದೆರಡು ನಟ್ಟು ಉಳಿಯುತ್ತಿದ್ದವು ಅನ್ನುವುದೊಂದನ್ನು ಬಿಟ್ಟರೆ. ಆದರೆ ಒಂದು ಕಾರು ನನ್ನನ್ನು ಆಡಿಸಿದಷ್ಟು ಬೇರೆ ಯಾವುದೂ ಆಡಿಸಲಿಲ್ಲ.

೧. ಬಸ್ಸಿನ ಧೂಳು

ಕಾರು ಲಚ್ಯಾಣದ ಹತ್ತಿರದ ಹಳ್ಳಿಯ ಗೌಡರದು. ಹಳೆಯ ಗಾಡಿ, ಎತ್ತಿನ ಬಂಡಿಗಿಂತ ತುಸು ಜೋರು. ಒಂದು ದಿನ ಗೌಡರು ಶೆಡ್ಡಿಗೆ ಬಂದಾಗ ಅವರ ಬಿಳಿ ಧೋತರ ಕಂದು ಬಣ್ಣಕ್ಕೆ ತಿರುಗಿತ್ತು. ದಾರಿಯಲ್ಲಿ ಬಸ್ಸು ಅವರನ್ನು ಹಿಂದೆ ಹಾಕಿ, ಮೈತುಂಬ ಧೂಳು ಚೆಲ್ಲಿ ಹೋಗಿತ್ತು.

"ಮಿಸ್ತ್ರಿ, ಬಸ್ಸಿನ ಧೂಳ ತಿನ್ನಾಕ ನಾ ಕಾರ್ ಇಟ್ಟೇನೇನ? ಈ ಇಂಜಿನ್ ತಗದ ಒಗಿ. ಬಸ್ಸಿನ್ನ ಹಿಂದ ಹಾಕುವಂಥಾದ್ದು ಕೂಡಸು" ಅಂದರು.

ನನಗೂ ಒಳಗೊಳಗೇ ಅದೇ ಚಪಲ. ತಗ್ಗಿಗೆ ಬಿದ್ದು ಜಖಂ ಆದ ಜೀಪೊಂದರ ದೊಡ್ಡ ಇಂಜಿನ್ ಸಿಕ್ಕಿತು. ಒಂದು ಕಾರ್ಬುರೇಟರ್ ಇದ್ದಲ್ಲಿ ಎರಡು ಕೂರಿಸಿದೆ. ತಿಂಗಳುಗಟ್ಟಲೆ ಕೊರೆದು, ಬೆಸೆದು, ಕೊನೆಗೆ ಚಾಲೂ ಮಾಡಿದರೆ ಹಾರಿಹೋದ ಶೆಡ್ಡಿನ ಪಾರಿವಾಳಗಳು ತಿರುಗಿ ಬರಲಿಲ್ಲ.

ಮೊದಲ ಸವಾರಿಗೆ ನಾನೂ ಜೊತೆಗೆ ಹೋದೆ. ಇಂಡಿ ದಾರಿಯಲ್ಲಿ ಅದೇ ಬಸ್ಸು ಸಿಕ್ಕಿತು. ಹಿಂದೆ ಹಾಕಿಯೇಬಿಟ್ಟೆವು! ಗೌಡರು ಕಿಟಕಿಯಿಂದ ಕೈ ಹೊರಗೆ ಹಾಕಿ, ಚುನಾವಣೆ ಗೆದ್ದವರ ಹಾಗೆ ಬೀಸಿದರು. ಕೈ ಒಳಗೆ ತಗೊಳ್ಳುವಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಬೇವಿನ ಮರದ ಕೆಳಗೆ ನಿಂತೆವು. ಬಸ್ಸು ಬಂದು ಪಕ್ಕಕ್ಕೇ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಗೌಡ್ರ, ಹಿಂದ ಎರಡ ಸೀಟ್ ಖಾಲಿ ಅದಾವ, ಬರ್ರಿ. ಇದರಾಗ ಧೂಳ ಬರೂದಿಲ್ಲ" ಅಂದ.

೨. ಟ್ರ್ಯಾಕ್ಟರಿನ ಮಾರಿ

ಕಾರಣ ನನಗೆ ಗೊತ್ತಿತ್ತು. ಇಂಜಿನ್ ದೊಡ್ಡದಾಯಿತು, ಅದನ್ನು ತಣ್ಣಗಿಡುವ ರೇಡಿಯೇಟರ್ ಹಳೆಯದೇ ಉಳಿಯಿತು. ಹತ್ತು ಮಂದಿಯ ಮನೆಯಲ್ಲಿ ಇಬ್ಬರ ಅಡುಗೆ ಮಾಡಿದ ಹಾಗೆ. "ದೊಡ್ಡ ರೇಡಿಯೇಟರ್ ಬೇಕ್ರಿ" ಅಂದೆ. ಮರುದಿನವೇ ಗೌಡರು ಒಂದನ್ನು ಕಳಿಸಿದರು. ಎಲ್ಲಿಂದ ಅಂತ ನಾನು ಕೇಳಲಿಲ್ಲ. ಮುಂದಿನ ಜಾಲರಿ ಕತ್ತರಿಸಿ ಕೂರಿಸಿದೆ. ಬಾನೆಟ್ ಮುಚ್ಚಲಿಲ್ಲ, ಎತ್ತು ಕಟ್ಟುವ ಸರಪಳಿಯಿಂದ ಬಿಗಿದೆ. ಸಿಂದಗಿಯ ಸುತ್ತ ಎಷ್ಟು ಓಡಿಸಿದರೂ ಕಾರು ತಣ್ಣಗೆ ಓಡಿತು.

ನಾಲ್ಕನೆಯ ದಿನ ಗೌಡರ ಟ್ರ್ಯಾಕ್ಟರ್ ಹೊಡೆಯುವವನು ಬಂದು ಶೆಡ್ಡಿನ ಮುಂದೆ ಕೈ ಕಟ್ಟಿ ನಿಂತ.

"ಮಿಸ್ತ್ರಿಯಾರ, ನಮ್ಮ ಟ್ರ್ಯಾಕ್ಟರಿನ ಮಾರಿ ನಿಮ್ಮ ಕಡೆ ಐತೇನ್ರಿ?"

ಮಾರಿ ಅಂದರೆ ಮುಖ; ಗೌಡರು ಸ್ವಂತ ಟ್ರ್ಯಾಕ್ಟರಿನ ರೇಡಿಯೇಟರನ್ನೇ ಬಿಚ್ಚಿ ಕಳಿಸಿದ್ದರು. ಅದು ಹೊಲದಲ್ಲಿ ಮೂಗು ಕೊಯ್ಸಿಕೊಂಡ ಹಾಗೆ ನಿಂತಿತ್ತಂತೆ. ನಾನು ಗೌಡರನ್ನು ಕೇಳಿದೆ, "ಹೊಲದ ಕೆಲಸ ಹೆಂಗ್ರಿ?"

ಗೌಡರು ನನ್ನನ್ನೇ ದಡ್ಡನ ಹಾಗೆ ನೋಡಿದರು. "ಟ್ರ್ಯಾಕ್ಟರ್ ಏನ್ ಬಸ್ಸಿನ ಜೋಡಿ ಓಡಬೇಕಾಗೈತೇನ?"

೩. ಬೀಗರ ಶರತ್ತು

ಇಲ್ಲಿಯವರೆಗೆ ಎಲ್ಲ ಆಟ. ಆಮೇಲೆ ಗೌಡರು ಊರಿಂದ ಹೊರಟು ಬಸವನ ಬಾಗೇವಾಡಿಗೆ ಹೋಗಿ, ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಬೀಗರನ್ನು ಕಾರಿನಲ್ಲಿ ಕೂರಿಸಿಕೊಂಡರು. ಬೀಗರೆಂದರೆ ಮಗಳ ಮಾವ, ನಾಲತವಾಡದವರು. ಕಾರಿನ ಜೋರು ತೋರಿಸುವ ಹುರುಪು. ನಿಡಗುಂದಿ ದಾಟುತ್ತಿದ್ದ ಹಾಗೆ ಕಾರು ಮತ್ತೆ ಕುದಿಯಿತು. ಬೀಗರು ಹೊಸ ಮೆಟ್ಟು ಕೈಯಲ್ಲಿ ಹಿಡಿದು, ಕೆಸರು ಹೊಲ ದಾಟಿ, ನೀರು ಹೊತ್ತು ತಂದರು.

ಗೌಡರ ಮಗಳು ಆಗ ಚೊಚ್ಚಲ ಬಸುರಿ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೀಗರು ನೀರಿನ ಕೊಡ ಕೆಳಗಿಟ್ಟು ಹೇಳಿದರಂತೆ: "ಈ ಕುದಿಯೋ ಹಂಡೆದಾಗ ನನ್ನ ಸೊಸಿನ್ನ ಕಳಸೂದಿಲ್ಲ. ನಮ್ಮ ಅಂಗಳಕ್ಕ ಒಂದೀಟೂ ಹಬಿ ಇಲ್ಲದ ಬಂದ್ರ ಕಳಸತೇನಿ. ಇಲ್ಲಂದ್ರ ಬಾಣಂತನ ನಮ್ಮಲ್ಲೇ ಆಗಲಿ."

ಬೇರೆ ಗಾಡಿ ತರಬಹುದಿತ್ತು. ಆದರೆ ಗೌಡರೂ ಅಲ್ಲೇ ಮಾತು ಕೊಟ್ಟುಬಿಟ್ಟಿದ್ದರು, ಕರೆದೊಯ್ದರೆ ಇದೇ ಕಾರಿನಲ್ಲಿ ಅಂತ. ಇತ್ತ ಅವರ ತಾಯಿ, ಊರಿಗೆಲ್ಲ ಆಯಿ, ಮಗನ ಜೊತೆ ಮಾತು ಬಿಟ್ಟಿದ್ದರು. ಮೊಮ್ಮಗಳ ಬಾಣಂತನ ತನ್ನ ಕೈಯಿಂದಲೇ ಆಗಬೇಕು ಅಂತ ತೊಟ್ಟಿಲು ತೊಳೆದು ಇಟ್ಟಿದ್ದರು. ಗೌಡರು ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು.

"ಮಿಸ್ತ್ರಿ, ಎಂಟ ದಿನ ಕೊಡತೇನಿ. ಇಂಜಿನ್ ತಣ್ಣಗ ಮಾಡು, ಇಲ್ಲಾ ನಮ್ಮ ಅವ್ವನ್ನ ತಣ್ಣಗ ಮಾಡು."

ಆಯಿಯನ್ನು ನಾನು ನೋಡಿದ್ದೆ. ಇಂಜಿನ್ನೇ ಸುಲಭ ಅನ್ನಿಸಿತು.

೪. ಜ್ವರದ ಕಡ್ಡಿ

ನಿಜವಾದ ಸೋಜಿಗ ಶುರುವಾದದ್ದು ಇಲ್ಲಿ. ನನ್ನ ಶೆಡ್ಡಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಚಾಲೂ ಇಟ್ಟರೂ ಕಾರು ಕುದಿಯುವುದಿಲ್ಲ. ಬಾಗೇವಾಡಿಗೆ ಹೋಗಿ ಬಂದರೂ ಕುದಿಯುವುದಿಲ್ಲ. ಗೌಡರು ಊರಿಗೊಯ್ದು ಎರಡು ದಿನ ಇಟ್ಟುಕೊಂಡರೆ ಮತ್ತೆ ಬುಸ್ಸೆನ್ನುತ್ತದೆ. ಗಾಳಿಪಂಖ ನೋಡಿದೆ, ನೀರಿನ ಪಂಪು ಬಿಚ್ಚಿದೆ, ರಬ್ಬರ್ ಪೈಪು ಬದಲಿಸಿದೆ. ಎಲ್ಲ ಸರಿಯಾಗಿವೆ. ಗಾಡಿಗೂ ಆ ಊರು ಆಗಿಬರುವುದಿಲ್ಲವೇ ಅಂತ ಯೋಚಿಸುವ ಮಟ್ಟಕ್ಕೆ ಬಂದೆ.

ನೀರು ಎಷ್ಟು ಕಾಯುತ್ತದೆ ಅಂತ ಅಳೆಯಬೇಕೆನ್ನಿಸಿತು. ಕಾವಿನ ಮುಳ್ಳು ಆ ಕಾರಿಗೆ ಇರಲಿಲ್ಲ. ಪಕ್ಕದ ದವಾಖಾನೆಯ ಕಂಪೌಂಡರರ ಬಳಿ ಜ್ವರ ನೋಡುವ ಕಡ್ಡಿ ಬೇಡಿದೆ. ಮನೆಯಲ್ಲಿ ಯಾರಿಗೋ ಜ್ವರ ಅಂದುಕೊಂಡು ಕೊಟ್ಟರು. ರೇಡಿಯೇಟರಿನ ಬಾಯಲ್ಲಿ ಇಳಿಬಿಟ್ಟೆ. ಟಪ್ ಅಂತ ಸದ್ದಾಯಿತು, ಕೈಯಲ್ಲಿ ಅರ್ಧ ಕಡ್ಡಿ ಉಳಿಯಿತು.

ಆ ಅರ್ಧವನ್ನೇ ಹಿಡಿದು ಕಂಪೌಂಡರರ ಮುಂದೆ ನಿಂತೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಷ್ಟಿತ್ತು ಜ್ವರ?"

"ಕಡ್ಡಿ ಮುಗಿಯೂತನಕ ಏರಿತ್ರಿ."

"ಹಂಗಾದ್ರ ಔಷಧ ಯಾಕ? ಬಂಧು ಬಳಗಕ್ಕೆಲ್ಲಾ ಹೇಳಿ ಕಳಸು" ಅಂದರು.

೫. ಇರುವೆಗಳ ಸಾಲು

ಎಂಟರಲ್ಲಿ ಐದು ದಿನ ಮುಗಿದಿದ್ದವು. ಏನಾದರಾಗಲಿ ಅಂತ ಕಾರಿನ ಜೊತೆ ನಾನೇ ಗೌಡರ ಹಳ್ಳಿಗೆ ಹೋಗಿ ಉಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಇರುವೆಗಳ ಸಾಲು ಅಂಗಳ ದಾಟಿ, ಟೈರು ಹತ್ತಿ, ನೇರವಾಗಿ ರೇಡಿಯೇಟರಿನ ಮುಚ್ಚಳಕ್ಕೆ ಹೋಗುತ್ತಿತ್ತು. ಮುಚ್ಚಳದ ಅಂಚಿಗೆ ಬೆರಳಿಟ್ಟು ನಾಲಗೆಗೆ ಹಚ್ಚಿಕೊಂಡೆ. ಸಿಹಿ! ಆಗ ನೆನಪಾಯಿತು, ಹೋದ ಸಲ ಕಾರು ಬುಸ್ಸೆನ್ನುತ್ತ ಶೆಡ್ಡಿಗೆ ಬಂದಾಗ ಹೋಳಿಗೆ ಮಾಡುವ ಮನೆಯ ವಾಸನೆ ಬಂದಿತ್ತು. ನಾನೇ ಹಸಿದಿದ್ದೇನೆ ಅಂದುಕೊಂಡು ಸುಮ್ಮನಾಗಿದ್ದೆ.

ಅಂದು ಗೌಡರು ಇಂಡಿಗೆ ಹೋಗಿ ಉರಿಬಿಸಿಲಲ್ಲಿ ಮರಳಿದರು, ಉಂಡು ಮಲಗಿದರು. ನಾನು ಮೇವಿನ ಬಣವೆಯ ಮರೆಯಲ್ಲಿ ಕೂತೆ. ಕಾರು ಆರಿದ ಮೇಲೆ ಆಯಿ ಹೊರಗೆ ಬಂದರು. ಒಂದು ಕೈಯಲ್ಲಿ ತಾಮ್ರದ ತಂಬಿಗೆ. ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದರು. ಸೆರಗಿನ ಗಂಟಿನಿಂದ ಬೆಲ್ಲ ತೆಗೆದು, ತಂಬಿಗೆಯಲ್ಲಿ ಕಿವುಚಿ, "ಕುಡಿಯಪ್ಪಾ, ದೂರದಿಂದ ಬಂದೀ" ಅನ್ನುತ್ತ ನಿಧಾನವಾಗಿ ಹೊಯ್ದರು.

ನಾನು ಓಡಿಹೋದೆ. "ಆಯಿ, ಏನ್ ಮಾಡಾಕತ್ತೀರಿ?"

"ನನ್ನ ಮಗನ ಹೇಳಿದ್ದ, ಇದಕ್ಕ ನೀರಡಿಕಿ ಭಾಳ ಅಂತ. ಬಿಸಿಲಾಗಿಂದ ಬಂದಾವರಿಗೆ ಬರೇ ನೀರ ಕೊಡತಾರೇನೋ? ಎದಿ ಹಿಡೀತೈತಿ. ನಿಮ್ಮನ್ಯಾಗ ಹಂಗ ಕೊಡತೀರೇನ?"

ಸಿಟ್ಟು ಬರಬೇಕಿತ್ತು, ನಗು ಬಂತು. ನನ್ನ ಕೆಲಸ ಕೆಟ್ಟಿಲ್ಲ ಅನ್ನುವ ಸಮಾಧಾನಕ್ಕೆ ಕಣ್ಣೂ ಒದ್ದೆಯಾದವು. ಬೆಲ್ಲ ಅಂಟಂಟಾಗಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟುತ್ತಿತ್ತು. ನಾನು ಪ್ರತಿ ಸಲ ಶೆಡ್ಡಿನಲ್ಲಿ ಬಿಸಿನೀರು ಹಾಯಿಸಿ ತೊಳೆಯುತ್ತಿದ್ದೆ, ಆಯಿ ಪ್ರತಿ ಸಲ ಉಪಚಾರ ಮಾಡುತ್ತಿದ್ದರು.

ಇದನ್ನೆಲ್ಲ ಬಿಡಿಸಿ ಹೇಳಿದೆ. ಆಯಿಗೆ ಬೇಸರವಾಯಿತು. "ನಾ ಏನ್ ಹಳೇ ಬೆಲ್ಲ ಹಾಕಿಲ್ಲೋ. ಹೊಸಾದ ಹಾಕೇನಿ" ಅಂದರು.

೬. ನಾಲತವಾಡದ ಅಂಗಳ

ಸೋಡಾ ಹಾಕಿದ ಬಿಸಿನೀರಿನಿಂದ ಮೂರು ಸಲ ತೊಳೆದೆ. ಚಹಾದ ಬಣ್ಣದ ಸಿಹಿನೀರು ಹರಿದು, ಅದನ್ನು ನೆಕ್ಕಲು ಗೌಡರ ಎಮ್ಮೆ ಹಗ್ಗ ಹರಿದುಕೊಂಡು ಬಂತು. ಎಂಟನೆಯ ದಿನ ಬೆಳಿಗ್ಗೆ ಹೊರಟೆವು. ಗೌಡರು, ಪಕ್ಕದಲ್ಲಿ ನಾನು, ಹಿಂದೆ ಎಲೆ ಅಡಿಕೆ ಸಂಚಿ ಹಿಡಿದ ಆಯಿ. ಗೌಡರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು, ಬೆಲ್ಲದ ವಿಷಯ ಬೀಗರ ಕಿವಿಗೆ ಬೀಳಬಾರದು. ಬಿದ್ದರೆ ಮಗಳನ್ನು ಬಿಡಿ, ಮರ್ಯಾದೆಯೂ ಮರಳಿ ಬರುವುದಿಲ್ಲ.

ಬಾಗೇವಾಡಿ ದಾಟಿತು, ನಿಡಗುಂದಿ ದಾಟಿತು, ಮುದ್ದೇಬಿಹಾಳವೂ ದಾಟಿತು. ನಾನು ಉಸಿರು ಬಿಟ್ಟದ್ದು ಬೀಗರ ಅಂಗಳದಲ್ಲೇ. ಬೀಗರು ಕಾರಿನ ಸುತ್ತ ಒಂದು ಸುತ್ತು ಹಾಕಿದರು, ಬಗ್ಗಿದರು, ಮೂಸಿದರು. ಹಬೆಯಿಲ್ಲ. ಬಸುರಿ ಮಗಳು ಬಾಗಿಲಲ್ಲಿ ಕಣ್ಣರಳಿಸಿ ನಿಂತಿದ್ದಳು. ಬೀಗರು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಒಳಗಿನಿಂದ ಬೀಗತಿ ಬಂದರು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ಕೈಯ ತಾಟಿನಲ್ಲಿ ಬೆಲ್ಲ. ನೇರವಾಗಿ ಬಾನೆಟ್ಟಿನ ಕಡೆಗೇ ಬಂದರು.

ನನಗೆ ಏನಾಯಿತೋ ಗೊತ್ತಿಲ್ಲ. ಎರಡೂ ಕೈ ಚಾಚಿ ಬಾನೆಟ್ಟಿನ ಮೇಲೆ ಅಂಗಾತ ಬಿದ್ದೆ. "ಬ್ಯಾಡ್ರೀ ಅವ್ವಾರ! ಕಾರಿಗೆ ಬೆಲ್ಲ ಹಾಕಬ್ಯಾಡ್ರಿ!"

ಬೀಗತಿ ನಮಗೆ ಅಂತ ತಂದಿದ್ದರು, ನಾನು ನಿಂತದ್ದೇ ಬಾನೆಟ್ಟಿನ ಹತ್ತಿರ. ಬೀಗರ ಹುಬ್ಬು ಗಂಟಾದವು.

"ಕಾರಿಗೆ ಬೆಲ್ಲಾ? ಯಾಕ, ನಿಮ್ಮ ಕಡೆ ಹಾಕತಾರೇನ?"

ಗೌಡರು ಆಕಾಶ ನೋಡಿದರು. ನನ್ನ ಬೆನ್ನು ಸುಡುತ್ತಿತ್ತು, ಏಳುವ ಧೈರ್ಯವಿರಲಿಲ್ಲ. ಇಷ್ಟು ತಿಂಗಳ ದುಡಿತ, ಆಯಿಯ ತೊಟ್ಟಿಲು, ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಆಯಿ ಹಿಂದಿನ ಸೀಟಿನಿಂದ ನಿಧಾನವಾಗಿ ಇಳಿದು, ಸೆರಗು ಸರಿಮಾಡಿಕೊಂಡು, ಏನೂ ಅರಿಯದವರ ಹಾಗೆ ಹೇಳಿದರು:

"ಅಂವನ ಮಾತ ಏನ್ ಹಿಡೀತೀರಿ? ಬಿಸಿಲಾಗ ಬಂದೈತಿ ಕೂಸು, ತಲಿ ಕಾದೈತಿ. ಮೊದಲ ಅಂವಗ ಬೆಲ್ಲಾ ನೀರಾ ಕೊಡ್ರಿ."

ಬೀಗರು ಹೊಟ್ಟೆ ಹಿಡಿದು ನಕ್ಕರು. "ಕಾರ್ ಕಾದಿಲ್ಲ, ಮಿಸ್ತ್ರಿ ಕಾದಾನ! ಸೊಸಿನ್ನ ಕರಕೊಂಡ ಹೋಗ್ರಿ" ಅಂದರು. ಮಗಳು ಓಡಿಬಂದು ಆಯಿಯನ್ನು ತಬ್ಬಿಕೊಂಡಳು. ನಾನು ಮರ್ಯಾದೆಯಿಂದ ಹುಚ್ಚನೆಂದು ಒಪ್ಪಿಕೊಂಡು, ತಾಟು ಹಿಡಿದು ಬೆಲ್ಲ ಜಗಿಯತೊಡಗಿದೆ.

ಎಲ್ಲರೂ ಒಳಗೆ ಹೋದ ಮೇಲೆ ಆಯಿ ನನ್ನ ಹತ್ತಿರ ಬಂದು, ಆಚೆ ಈಚೆ ನೋಡಿ, ಕಿವಿಯಲ್ಲಿ ಹೇಳಿದರು:

"ಎಲ್ಲಾ ನೀನ ತಿನಬ್ಯಾಡೋ. ಪಾಪ, ಅದಕ್ಕೂ ಒಂದೀಟ ಇಡು."