ಕರೆಯದೆ ಬಂದವರಿಗೆ ಬೆಲ್ಲ-ನೀರು

ನೆಂಟರನ್ನು ಕೂರಿಸಿ ತಮ್ಮ ಕೆಲಸಕ್ಕೆ ಎದ್ದುಹೋಗುವ ವಿದ್ಯೆ ನಮ್ಮ ಕಡೆಯವರಿಗೆ ಬರುವುದಿಲ್ಲ. ಕುಮಟೆಯ ಸುತ್ತಮುತ್ತ ಯಾರ ಮನೆಗೇ ಹೋಗಿ, ಜಗಲಿ ಹತ್ತಿದ ಕೂಡಲೇ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ಬರುತ್ತದೆ. ಅದರ ಹಿಂದೆ ಚಹಾ. ಚಹಾದ ಹಿಂದೆ ಊಟ ಮಾಡಿಕೊಂಡೇ ಹೋಗಬೇಕೆಂಬ ಒತ್ತಾಯ. ಬಂದವರು ಬಸ್ಸು ತಪ್ಪುತ್ತದೆ ಎಂದು ಎದ್ದರೆ ಗೇಟಿನ ಹತ್ತಿರ ಇನ್ನೊಂದು ಸುತ್ತು ಮಾತು. ಬಸ್ಸು ನಿಜವಾಗಿಯೂ ತಪ್ಪಿದ ಮೇಲೆಯೇ ಎರಡೂ ಕಡೆಯವರಿಗೆ ಸಮಾಧಾನ. ಇಂಥ ಊರಿನಲ್ಲಿ ಹುಟ್ಟಿದ ತಪ್ಪಿಗೆ ನನ್ನ ಚಿಕಿತ್ಸೆಯೇ ಕೆಟ್ಟುಹೋಗುವುದರಲ್ಲಿತ್ತು.

ಚಿಕಿತ್ಸೆ ಎಂದರೆ ಕ್ಯಾನ್ಸರಿನದು. ಎಲ್ಲಿ ಎಂದು ಕೇಳಬೇಡಿ. ಕೇಳಿದರೆ ಹೇಳಲೇಬೇಕಾಗುತ್ತದೆ: ದೊಡ್ಡ ಕರುಳಿನ ತೀರಾ ಕೊನೆಯಲ್ಲಿ. ಹೃದಯದ ಕಾಯಿಲೆಗೆ ಒಂದು ಗೌರವ ಇದೆ, ಎದೆ ಮುಟ್ಟಿ ತೋರಿಸಬಹುದು. ನನ್ನದನ್ನು ಮುಟ್ಟಿ ತೋರಿಸಿದರೆ ಇರುವ ಮರ್ಯಾದೆಯೂ ಹೋಗುತ್ತದೆ. ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಅಲ್ಲಿಗೆ ಬಂದು ವಿಚಾರಿಸಿದವರಿಗೆಲ್ಲ ನಾನು 'ಹೊಟ್ಟೇದು' ಎನ್ನುತ್ತಿದ್ದೆ. ಅವರು ಊಟವಾದ ಮೇಲೆ ಮುರುಗಲು ಸಾರು ಕುಡಿಯಲು ಹೇಳಿ, ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಆಪರೇಷನ್ ಆಯಿತು, ಕೀಮೋ ಆಯಿತು, ಉದುರಿದ ಕೂದಲು ಬಂತು. ಇನ್ನು ಉಳಿದದ್ದು ಆಗಾಗ ಹೋಗಿ ಸ್ಕ್ಯಾನ್ ಮಾಡಿಸಿಕೊಳ್ಳುವುದು ಮಾತ್ರ. ಅದೊಂದೇ ನನ್ನಿಂದ ಆಗಲಿಲ್ಲ. ಒಂದು ಸಲ ಕ್ಯಾಮೆರಾ ಕೆಟ್ಟಿದೆ ಎಂದೆ, ಇನ್ನೊಂದು ಸಲ ಯಾರದೋ ಮದುವೆಯ ಆರ್ಡರ್ ಇದೆ ಎಂದೆ. ಹೆಂಡತಿ ಶಾರದೆ ಪಂಚಾಂಗ ತೆಗೆದು ನೋಡಿ, "ಆಷಾಢದಲ್ಲಿ ಯಾರ ಮದುವೆ?" ಎಂದಳು.

ಕೊನೆಗೆ ಅವಳು ನನ್ನನ್ನು ಆಸ್ಪತ್ರೆಯ ಆಪ್ತಸಮಾಲೋಚಕಿಯ ಎದುರು ಕೂರಿಸಿದಳು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲ, ದೊಡ್ಡ ಕಾಯಿಲೆ ಬಂದರೆ ಮೊದಲು ನೋಡಬೇಕಾದದ್ದು ರೈಲಿನ ವೇಳೆ, ಡಾಕ್ಟರು ಆಮೇಲೆ. ಹೀಗಾಗಿ ಆ ಮೇಡಂ ಕೂಡ ದೂರದ ಊರಿನವರು, ವಯಸ್ಸು ಚಿಕ್ಕದು, ಮಾತು ಬಹಳ ತಂಪು. "ಹೆದರಿಕೆ ಬಂದರೆ ಓಡಿಸಲು ಹೋಗಬೇಡಿ, ಅದರ ಜೊತೆ ಜಗಳಾನೂ ಬೇಡ," ಎಂದರು. "ಕರೆಯದೆ ಬಂದ ನೆಂಟ ಅಂತ ತಿಳಿದುಕೊಳ್ಳಿ. ಬಂದೆಯಾ, ಕೂತುಕೋ ಅಂತ ಹೇಳಿ, ನಿಮಗೆ ಮುಖ್ಯ ಅನ್ನಿಸಿದ ಕೆಲಸ ನೀವು ಮಾಡುತ್ತಾ ಇರಿ." ಎಷ್ಟು ಸುಲಭ ಎನ್ನಿಸಿತು. ಪಾಪ, ನೆಂಟ ಎಂಬ ಶಬ್ದವನ್ನು ಕುಮಟೆಯವನ ಎದುರು ಆಡಬಾರದೆಂದು ಅವರಿಗೆ ಯಾರು ಹೇಳಬೇಕಿತ್ತು?

ಮರುದಿನ ಬೆಳಿಗ್ಗೆ ಹೆದರಿಕೆ ಬಂತು. ಜಗಲಿಯಲ್ಲಿ ನನ್ನ ಎದುರಿನ ಪ್ಲಾಸ್ಟಿಕ್ ಕುರ್ಚಿ ತೋರಿಸಿ ಕೂತುಕೋ ಎಂದೆ. ಅಲ್ಲಿಗೆ ಬಿಡಲು ಮನಸ್ಸಾಗಲಿಲ್ಲ. ಒಳಗೆ ಹೋಗಿ ಬೆಲ್ಲ-ನೀರು ತಂದಿಟ್ಟೆ. ಕೊಟ್ಟ ಮೇಲೆ ಎರಡು ಮಾತು ಆಡಬೇಕಲ್ಲ, "ಮತ್ತೆಂತ ಸುದ್ದಿ?" ಎಂದು ಕೇಳಿದೆ. ಹೆದರಿಕೆಯ ಹತ್ತಿರ ಸುದ್ದಿಗೆ ಬರವಿಲ್ಲ. ಊರಿನಲ್ಲಿ ಈ ಕಾಯಿಲೆಯಿಂದ ಯಾರು ಯಾರು ಹೋದರು, ಹೋಗುವಾಗ ಹೇಗಿದ್ದರು, ಎಲ್ಲ ಅದಕ್ಕೆ ಬಾಯಿಪಾಠ. ಕೇಳುತ್ತಾ ಕೂತವನಿಗೆ ಸ್ಟುಡಿಯೋದ ಬಾಗಿಲು ತೆಗೆಯುವ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ. ಮೂರನೆಯ ದಿನಕ್ಕೆ ಶಾರದೆ ಬೆಲ್ಲದ ತಟ್ಟೆಗೆ ಮುತ್ತಿದ ಇರುವೆ ಕಂಡು, ಇದು ಯಾರಿಗೆ ಎಂದು ಕೇಳಿದಳು. ಹೆದರಿಕೆಗೆ, ಮೇಡಂ ಹೇಳಿದ್ದು ಎಂದೆ. ಆಸ್ಪತ್ರೆಯವರು ಹೇಳಿದ್ದೆಂದರೆ ಅವಳು ಬಹಳ ಕಟ್ಟುನಿಟ್ಟು. ಅಂದಿನಿಂದ ನನ್ನ ಮಾತ್ರೆಯ ಜೊತೆಗೆ ಅದರ ಬೆಲ್ಲವನ್ನೂ ತಪ್ಪದೆ ತಂದಿಡತೊಡಗಿದಳು. ಸತ್ಕಾರ ಹೆಚ್ಚಿದ ಹಾಗೆ ನೆಂಟನೂ ಬೇರು ಬಿಟ್ಟ. ನಾನು ಅಂಗಡಿಗೆ ಹೋಗುವುದೇ ನಿಂತಿತು. ಸ್ಕ್ಯಾನಿನ ಹೊಸ ತಾರೀಕು ಹತ್ತಿರ ಬಂದಿತ್ತು, ಮತ್ತು ನಾನು ಹೋಗುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರು ಎಂದರೆ ನನಗೂ ಹೆದರಿಕೆಗೂ.

ಆಗ ಬಂದವಳು ನಾಗಮ್ಮತ್ತೆ. ನಮ್ಮಪ್ಪನ ತಂಗಿ, ತದಡಿಯವಳು. ಪ್ರತಿ ಸಂತೆಯ ದಿನ ಒಣಮೀನು ಮಾರಲು ಕುಮಟೆಗೆ ಬರುತ್ತಾಳೆ, ಸಂತೆ ಮುಗಿಸಿ ನಮ್ಮ ಮನೆಗೆ ಬಂದು ಕಾಲು ಚಾಚುತ್ತಾಳೆ. ಅವಳು ಬುಟ್ಟಿ ಇಳಿಸಿ ಕುರ್ಚಿಗೆ ಕೈ ಹಾಕಿದ್ದೇ ತಡ, ಶಾರದೆ ಓಡಿಬಂದಳು.

"ಅತ್ತೆ, ಅಲ್ಲಿ ಬ್ಯಾಡ. ಅಲ್ಲಿ ಜನ ಇದಾರೆ."

ಅತ್ತೆ ಕುರ್ಚಿಯನ್ನು ಹಿಂದೆ ಮುಂದೆ ನೋಡಿದಳು. "ಯಾರಿದಾರೆ?"

ಶಾರದೆ ಎಲ್ಲ ಬಿಡಿಸಿ ಹೇಳಿದಳು. ಅತ್ತೆ ಅಷ್ಟನ್ನೂ ಕೇಳಿದಳು, ಆದರೆ ಅವಳ ಕಣ್ಣು ಬೆಲ್ಲದ ತಟ್ಟೆಯ ಮೇಲೆಯೇ ಇತ್ತು.

"ಗಣಪೂ, ನಾ ವಾರ ವಾರ ಬತ್ತೆ. ಈ ಮನೇಲಿ ನಂಗೆ ಬೆಲ್ಲ ಕೊಡದೆ ಎಷ್ಟು ಕಾಲ ಆತು?"

"ನೀವು ಮನೆಯವ್ರೇ ಅಲ್ದಾ ಅತ್ತೆ," ಎಂದು ಶಾರದೆ ಸಮಾಧಾನ ಮಾಡಲು ನೋಡಿದಳು.

"ಇದು ಎಷ್ಟು ದಿನಕ್ಕೊಂದ್ಸಲ ಬತ್ತದೆ?"

"ದಿನಾ," ಎಂದೆ ನಾನು.

"ವಾರಕ್ಕೊಂದ್ಸಲ ಬರೋ ನಂಗಿಲ್ಲ, ದಿನಾ ಬರೋದಕ್ಕೆ ಬೆಲ್ಲ. ಎಂತ ನ್ಯಾಯ ಇದು?" ಎಂದವಳೇ ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಹೆದರಿಕೆಯ ಮೇಲೆಯೇ ಕೂತುಬಿಟ್ಟಳು. ಅತ್ತೆಯದು ಸಣ್ಣ ದೇಹವಲ್ಲ.

ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು, ನನಗೆ ಬುದ್ಧಿ ಹೇಳುವ ಉದ್ದೇಶ ಅವಳಿಗೆ ಒಂದಿಷ್ಟೂ ಇರಲಿಲ್ಲ. ಆದರೆ ನಾನು ಯೋಚನೆಗೆ ಬಿದ್ದೆ. ನಾಗಮ್ಮತ್ತೆ ಬಂದರೆ ನಮ್ಮ ಮನೆಯಲ್ಲಿ ಯಾರೂ ಏಳುವುದಿಲ್ಲ. ಅವಳು ಬರುತ್ತಾಳೆ, ಕೂರುತ್ತಾಳೆ, ಒಂದಷ್ಟು ಗೊಣಗುತ್ತಾಳೆ. ಹೂಂ ಹೂಂ ಎನ್ನುತ್ತಲೇ ಶಾರದೆ ಮೀನು ಹೆಚ್ಚುತ್ತಾಳೆ, ನಾನು ಸ್ಟುಡಿಯೋಕ್ಕೆ ಹೋಗಿ ಬರುತ್ತೇನೆ. ಮೇಡಂ ಹೇಳಿದ್ದು ಇದನ್ನೇ ಅಲ್ಲವೇ? ಮಾರನೆಯ ದಿನ ಹೆದರಿಕೆ ಬಂದಾಗ, ಪೇಪರ್ ಅಲ್ಲಿದೆ ಓದು ಎಂದಷ್ಟೇ ಹೇಳಿ ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟೆ. ಅದೂ ಹಿಂದೆಯೇ ಬಂತು. ಬರಲಿ.

ಸ್ಕ್ಯಾನಿಗೆ ಹೊರಟ ದಿನ ನಮಗಿಂತ ಮೊದಲೇ ಅದು ರೈಲು ಹತ್ತಿತ್ತು. ಹೊನ್ನಾವರದ ಹತ್ತಿರ ಶರಾವತಿಯ ಸೇತುವೆ ದಾಟುವಾಗ, ನೋಡಿಕೋ, ಮತ್ತೆ ನೋಡುತ್ತೀಯೋ ಇಲ್ಲವೋ ಎಂದಿತು. ಇರಬಹುದು, ಆದರೆ ಬೆಳಕು ಚೆನ್ನಾಗಿದೆ ಎಂದುಕೊಂಡು ಮೊಬೈಲಿನಲ್ಲಿ ಹೊಳೆಯ ಫೋಟೋ ತೆಗೆದೆ. ಭಟ್ಕಳದಲ್ಲಿ ಶಾರದೆ ಅವಲಕ್ಕಿಯ ಡಬ್ಬಿ ಬಿಚ್ಚಿದಳು. ಸ್ಕ್ಯಾನಿಗಾಗಿ ನನಗೆ ಉಪವಾಸ, ಅದಕ್ಕೂ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಯಂತ್ರದೊಳಗೆ ಮಲಗಿಸಿದವನು, "ಹೆದರಬೇಡಿ, ಮೈ ಸಡಿಲ ಬಿಡಿ, ಅಲುಗಾಡಬೇಡಿ," ಎಂದ. ಇಡೀ ಆಯುಷ್ಯ ಫೋಟೋದ ಗಿರಾಕಿಗಳಿಗೆ ನಾನು ಹೇಳಿದ್ದೂ ಇದನ್ನೇ. ಪಾಸ್‌ಪೋರ್ಟ್ ಸೈಜಿನಲ್ಲಿ ಎಲ್ಲರ ಮುಖವೂ ಯಾಕೆ ಹಾಗಿರುತ್ತದೆ ಎಂದು ಅಂದು ತಿಳಿಯಿತು.

ಸಂಜೆ ಮನೆ ಮುಟ್ಟಿದಾಗ ಮೈಯಲ್ಲಿ ಕಸುವಿರಲಿಲ್ಲ. ರಿಪೋರ್ಟು ಸೋಮವಾರ ಎಂದಿದ್ದರು. ಜಗಲಿಯ ಅದೇ ಕುರ್ಚಿಯಲ್ಲಿ ಕುಸಿದು ಕೂತೆ. ಶಾರದೆ ಒಳಗಿನಿಂದ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ ತಂದಳು.

"ಅದಕ್ಕೆ ಕೊಡೋದು ನಿಲ್ಲಿಸಿದ್ದೇವಲ್ಲ ಮಾರಾಯ್ತಿ," ಎಂದೆ.

"ಇದು ನಿಮ್ಗೆ," ಎಂದಳು. "ನೀವು ಮನೆಗೆ ಬಂದು ಭಾಳ ದಿನ ಆತಲ್ಲ."

ವರ್ಷವಿಡೀ ನಾನು ಆ ಮನೆಯಲ್ಲೇ ಇದ್ದೆ. ಅವಳು ಹೇಳಿದ್ದು ಸುಳ್ಳಲ್ಲ ಎಂದೂ ನನಗೆ ಗೊತ್ತಿತ್ತು. ಅಳು ಬಂತು. ಬೆಲ್ಲ ಕಚ್ಚಿಕೊಂಡೇ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಕುರ್ಚಿಯಲ್ಲಿ ಹೋಗಿ ಕೂತೆ, ಮುಖವನ್ನು ಆದಷ್ಟು ದೂರದಿಂದ ಬಂದವನ ಹಾಗೆ ಮಾಡಿಕೊಂಡು. ಶಾರದೆ ಬಂದಳು. ಅವಳ ಒಂದು ಕೈಯಲ್ಲಿ ಅರ್ಧ ತೆಂಗಿನಕಾಯಿ, ಇನ್ನೊಂದರಲ್ಲಿ ಈಳಿಗೆ ಮಣೆ.

"ದಿನಾ ಇರೋರಿಗೆ ಬೆಲ್ಲ ಎಂತಕೆ?" ಎಂದಳು. "ಇದನ್ನ ತುರೀರಿ."