ಫ್ರೀ ಎಂಬ ಶಬ್ದವೂ ನನ್ನ ಹೆಂಡತಿಯ ಬಸ್ಸೂ

ಮುಪ್ಪಿನಲ್ಲಿ ಮನುಷ್ಯನಿಗೆ ಎರಡು ಕೆಲಸಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ಒಂದು, ಗುಳಿಗೆಯ ಡಬ್ಬಿ ಎಲ್ಲಿಟ್ಟೆ ಎಂದು ಹುಡುಕುವುದು. ಇನ್ನೊಂದು, ಮಾಡಿದ ತಪ್ಪುಗಳನ್ನು ನೆನೆಯುವುದು. ಡಬ್ಬಿ ಸಿಗುವುದಿಲ್ಲ, ತಪ್ಪುಗಳು ಮಾತ್ರ ಕೈ ಹಾಕಿದಲ್ಲೆಲ್ಲ ಸಿಗುತ್ತವೆ. ನನ್ನವು ಬಹಳ ಇವೆ. ಎಲ್ಲವನ್ನೂ ಹೇಳಿದರೆ ಓದುವವರಿಗೆ ಬೇಸರ, ಹೇಳುವ ನನಗೆ ಅಪಾಯ, ಏಕೆಂದರೆ ನಮ್ಮ ಮನೆಯವಳೂ ಇದನ್ನು ಓದುತ್ತಾಳೆ. ಅದಕ್ಕೆ ಅವಳಿಗೆ ಈಗಾಗಲೇ ಗೊತ್ತಿರುವ ಒಂದನ್ನೇ ಆರಿಸಿಕೊಂಡಿದ್ದೇನೆ. ಈ ತಪ್ಪನ್ನು ನಾನು ಒಂದು ಇಂಗ್ಲಿಷ್ ಶಬ್ದದ ಮರೆಯಲ್ಲಿ ನಿಂತು ಮಾಡಿದೆ. ಶಬ್ದ ಸಣ್ಣದು: ಫ್ರೀ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಸರಕಾರಿ ಗುಮಾಸ್ತನಾದವನು. ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು ಫ್ರೀ ಎಂದರೆ ಸ್ವತಂತ್ರ ಎಂದು ಬರೆಸಿದ್ದರು. ಆ ಒಂದೇ ಅರ್ಥವನ್ನು ನಂಬಿ ಬಾಳುವೆ ಶುರು ಮಾಡಿದೆ. ಹೊರಗೆ ಬಂದು ನೋಡಿದರೆ ಈ ಶಬ್ದ ಊರೆಲ್ಲ ಅಡ್ಡಾಡಿ ಬೇರೆ ಬೇರೆ ಕೆಲಸ ಹಿಡಿದಿತ್ತು. ಬ್ಯಾಡಗಿಯಲ್ಲಿ ನಮ್ಮ ಓಣಿಯ ದಸ್ತಗೀರ ಸಾಹೇಬರ ಸೈಕಲ್ ಅಂಗಡಿಗೆ ಹೋದರೆ, ಅವರು ಹಿಂದಿನ ಗಾಲಿಯನ್ನು ತಿರುವಿ, "ಫ್ರೀ ಹೋಗೈತ್ರಿ, ಹೊಸಾದು ಹಾಕಬೇಕು" ಎನ್ನುತ್ತಿದ್ದರು. ಅಲ್ಲಿ ಫ್ರೀ ಎಂದರೆ ಕಬ್ಬಿಣದ ಹಲ್ಲಿನ ಚಕ್ರ, ಅದಕ್ಕೆ ರೊಕ್ಕ ಕೊಡಬೇಕು. ದರ್ಜಿಯವನಿಗೆ "ಹೊಟ್ಟಿ ಹತ್ರ ಸ್ವಲ್ಪ ಫ್ರೀ ಇರಲಿ" ಎಂದರೆ ಸಡಿಲ. ಡಾಕ್ಟರರು ದನಿ ತಗ್ಗಿಸಿ "ಬೆಳಿಗ್ಗೆ ಫ್ರೀ ಆಗತೈತೇನ್ರಿ?" ಎಂದು ಕೇಳಿದರೆ ಅದು ಬೇರೆಯೇ ವಿಷಯ, ಊಟದ ಹೊತ್ತಿಗೆ ಓದುವವರಿದ್ದರೆ ಎಂದು ಬಿಡಿಸಿ ಹೇಳುತ್ತಿಲ್ಲ. ನನ್ನ ಚಹಾಕ್ಕೆ ಬೀಳುವ ಗುಳಿಗೆಯ ಡಬ್ಬಿಯ ಮೇಲೆ ಶುಗರ್ ಫ್ರೀ ಎಂದಿದೆ. ಮೊದಲ ಸಲ ಅದನ್ನು ಓದಿದಾಗ ಜೊತೆಗೆ ಸಕ್ಕರೆ ಕೊಡುತ್ತಾರೆಂದು ತಿಳಿದು ಅಂಗಡಿಯವನ ಹತ್ತಿರ ಕೇಳಿದ್ದೆ. ಇನ್ನು ಪುಕ್ಕಟೆ ಎಂಬ ಅರ್ಥದಲ್ಲಂತೂ ನಮ್ಮ ಕಡೆ ಶಬ್ದಗಳಿಗೆ ಬರವಿಲ್ಲ. ಉಚಿತ ಎಂದು ಸರಕಾರ ಬರೆಯುತ್ತದೆ, ಫುಕಟ್ ಎಂದು ನಾವು ಅನ್ನುತ್ತೇವೆ, ಮುಫತ್ ಎಂದು ದಸ್ತಗೀರ ಸಾಹೇಬರು ಅನ್ನುತ್ತಾರೆ, ಧರ್ಮಕ್ಕ ಬಂತು ಎಂದು ನಮ್ಮವ್ವ ಅನ್ನುತ್ತಿದ್ದಳು. ಬಿಟ್ಟಿ ಎಂಬುದೂ ಒಂದಿದೆ. ಅದರ ಮುಂದೆ ಚಾಕರಿ ಎಂಬ ಶಬ್ದ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಆಗ ಯೋಚಿಸಿರಲಿಲ್ಲ.

ಹೀಗಿರುವಾಗ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಫ್ರೀ ಆಯಿತು. ನನ್ನ ಹೆಂಡತಿ ನೀಲವ್ವ ಆಧಾರ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚೀಲವನ್ನು ಕರವಸ್ತ್ರದಲ್ಲಿ ಕಟ್ಟಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿದ್ಧಳಾದಳು. ಅವಳಿಗಿಂತ ಹೆಚ್ಚು ಸಂತೋಷಪಟ್ಟವನು ನಾನು. ನಾನು ಹೋದರೆ ಟಿಕೀಟು, ಅವಳು ಹೋದರೆ ಇಲ್ಲ. ಹಾಗಾದ ಮೇಲೆ ನಾನು ಹೋಗುವುದು ಪೆದ್ದತನವಲ್ಲವೆ? ಕನ್ನಡಕದ ಕಡ್ಡಿ ಮುರಿದರೆ ನೀಲವ್ವ ರಾಣೇಬೆನ್ನೂರಿಗೆ ಹೋದಳು. ಕನ್ನಡಕ ನನ್ನದು, ಮೂಗು ನನ್ನದು, ಅಳತೆ ಕೊಟ್ಟು ಬಂದವಳು ಅವಳು. ಅದು ಇವತ್ತಿಗೂ ಎಡಕ್ಕೆ ವಾಲುತ್ತದೆ. ನನ್ನ ಚಪ್ಪಲಿಯನ್ನೂ ಅವಳೇ ಹಾವೇರಿಯಿಂದ ತಂದಳು, ದಾರದಲ್ಲಿ ನನ್ನ ಪಾದದ ಉದ್ದ ಅಳೆದುಕೊಂಡು ಹೋಗಿ. ನಾನು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ, ಬಂದುಹೋದವರಿಗೆಲ್ಲ ಈ ಬಸ್ಸಿನ ವ್ಯವಸ್ಥೆ ಎಷ್ಟು ಚಲೋ ಎಂದು ಹೇಳುತ್ತಿದ್ದೆ.

ನೀಲವ್ವನಿಗೆ ಐರಣಿಯಲ್ಲಿ ಒಬ್ಬ ಅಕ್ಕ ಇದ್ದಾಳೆ, ಗಂಗವ್ವ. ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದು ದೃಷ್ಟಿ ದಿನದಿನಕ್ಕೆ ಮಸುಕಾಗುತ್ತಿತ್ತು. ಕಳೆದ ಮಳೆಗಾಲದಲ್ಲಿ ಆಕೆ ಫೋನು ಮಾಡಿ, "ನೀಲಾ, ಕಣ್ಣು ಪೂರ್ತಿ ಮುಚ್ಚೋದ್ರಾಗ ಒಮ್ಮೆ ಬಂದು ಮಾರಿ ತೋರಿಸಿ ಹೋಗವಾ" ಎಂದಳು. ನೀಲವ್ವ ಮರುದಿನವೇ ಹೊರಟಳು. ಐರಣಿಗೆ ರಾಣೇಬೆನ್ನೂರಿನಲ್ಲಿ ಇಳಿದು ಬಸ್ಸು ಬದಲಿಸಬೇಕು. ರಾಣೇಬೆನ್ನೂರು ಎಂಬ ಹೆಸರು ಕಿವಿಗೆ ಬಿದ್ದದ್ದೇ ನನಗೆ ಅಲ್ಲಿ ಆಗಬೇಕಾದ ಕೆಲಸಗಳೆಲ್ಲ ನೆನಪಾದವು. "ಹೆಂಗೂ ಹೊಂಟೀಯಲ್ಲ, ಮಿಕ್ಸರ್ ರಿಪೇರಿಗೆ ಕೊಟ್ಟು, ನಿಂತು ಮಾಡಿಸಿ ಇಸ್ಕೊಂಡು, ಆಮೇಲೆ ಐರಣಿಗೆ ಹೋಗು." ಮಿಕ್ಸರ್ ರಿಪೇರಿಯಾಗುವಷ್ಟರಲ್ಲಿ ಐರಣಿಯ ಬಸ್ಸು ಹೋಗಿತ್ತು. ಇನ್ನೊಮ್ಮೆ ನನ್ನ ಹಲ್ಲಿನ ಸೆಟ್ಟು, ಮತ್ತೊಮ್ಮೆ ಬಟ್ಟೆಯಂಗಡಿಯಲ್ಲಿ ಬದಲಿಸಬೇಕಾಗಿದ್ದ ನನ್ನ ಅಂಗಿ. ಮೂರನೆಯ ಸಲ ಸಂಜೆ ಬಂದವಳು ಚೀಲವನ್ನು ನನ್ನ ಕಾಲ ಹತ್ತಿರ ಇಟ್ಟು, "ಅಕ್ಕನ ಊರಿನ ಬಸ್ಸು ನನ್ನ ಕಣ್ಣೆದುರಿಗೇ ಹೋತ್ರಿ" ಎಂದಳು. ನಾನು ಅಂಗಿಯ ತೋಳು ನೋಡುತ್ತ, "ಹೋದ್ರ ಹೋಗ್ಲಿ ಬಿಡು, ನೀ ಫ್ರೀ ಇರ್ತೀ, ಬಸ್ಸೂ ಫ್ರೀ. ಯಾವಾಗರೆ ಹೋದ್ರಾತು" ಎಂದೆ. ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ನನ್ನ ಮನೆಯಲ್ಲಿ ಮೌನಕ್ಕೆ ಸಮ್ಮತಿ ಎಂದೇ ಅರ್ಥ ಹಚ್ಚಿಕೊಂಡು ಬಂದವನು ನಾನು.

ನವೆಂಬರ್ ಬಂತು. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ಪ್ರಮಾಣ ಕೊಡಬೇಕಾದ ತಿಂಗಳು ಅದು. ನನ್ನ ಪಿಂಚಣಿ ಹಾವೇರಿಯ ಒಂದು ಬ್ಯಾಂಕಿಗೆ ಬರುತ್ತದೆ. ಅವತ್ತು ನೀಲವ್ವ ಅಕ್ಕನಿಗೆಂದು ಒಂದು ಇಳಕಲ್ ಸೀರೆ, ಒಂದು ಡಬ್ಬಿ ಖಾರದಪುಡಿ ಕಟ್ಟಿಕೊಂಡು ಐರಣಿಗೆ ಹೊರಟು ನಿಂತಿದ್ದಳು. ನಾನು ಅರ್ಜಿಗೆ ಸಹಿ ಮಾಡಿ, ಫೋಟೋ ಅಂಟಿಸಿ, "ಮೊದಲ ಇದನ್ನ ಹಾವೇರ್ಯಾಗ ಕೊಟ್ಟು ಹೋಗು" ಎಂದೆ. ಹಾವೇರಿ ಒಂದು ದಿಕ್ಕಿಗೆ, ರಾಣೇಬೆನ್ನೂರು ಇನ್ನೊಂದು ದಿಕ್ಕಿಗೆ. ಆದರೆ ಫ್ರೀ ಬಸ್ಸಿಗೆ ದಿಕ್ಕು ಯಾವುದಾದರೇನು ಎಂಬುದು ನನ್ನ ವಿಚಾರ. ಬದುಕಿದ್ದೇನೆ ಎಂಬ ಪ್ರಮಾಣವನ್ನು ಬದುಕಿದ್ದವನೇ ಹೋಗಿ ಕೊಡಬೇಕು ಎಂಬುದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಪ್ರತಿ ವರ್ಷ ನಾನೇ ಹೋಗಿದ್ದೆ. ಈ ಸಲ ಹೆಂಡತಿ ಹೇಳಿದರೆ ನಂಬುತ್ತಾರೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಬ್ಯಾಂಕಿನಲ್ಲಿ ನಡೆದದ್ದನ್ನು ಅವಳೇ ಆಮೇಲೆ ನನಗೆ ಹೇಳಿದಳು. ಕೌಂಟರಿನಲ್ಲಿದ್ದ ಹುಡುಗಿ ಅರ್ಜಿ ನೋಡಿ, "ಇವ್ರು ಎಲ್ಲಿ ಅದಾರ್ರಿ ಅಮ್ಮಾ?" ಎಂದು ಕೇಳಿದಳಂತೆ.

"ಮನ್ಯಾಗ ಅದಾರ್ರಿ."

"ಜೀವಂತ ಅದಾರ ಅನ್ನೋದಕ್ಕ ಅವರ ಬರಬೇಕಲ್ರಿ."

"ನಾ ಹೊರಡೂ ಮುಂದ ಚಾ ಕುಡದು, ಇನ್ನೊಂದು ಕಪ್ ಕೇಳಿದ್ರು. ಇನ್ನೇನು ಸಾಕ್ಷಿ ಬೇಕ್ರಿ?"

"ಅಡ್ಡಾಡಾಕ ಆಗೂದಿಲ್ಲೇನ್ರಿ ಅವರಿಗೆ? ಹಾಸಿಗಿ ಹಿಡದಿದ್ರ ನಾವ ಮನೀಗೆ ಬರ್ತೀವಿ."

"ಹಾಸಿಗಿ ಅಲ್ರಿ, ಕುರ್ಚಿ ಹಿಡದಾರ. ಅವರು ಬಂದ್ರ ಟಿಕೀಟ್ ಬೀಳ್ತೈತಂತ ನನ್ನ ಕಳಿಸ್ಯಾರ್ರಿ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರಂತೆ. ನೀಲವ್ವನೂ ನಕ್ಕಳಂತೆ. ನಗುತ್ತ ನಗುತ್ತ ಹೊರಗೆ ಬಂದು, ಬ್ಯಾಡಗಿಯ ಬಸ್ಸು ನಿಂತಿದ್ದರೂ ಹತ್ತದೆ, ಸೀದಾ ರಾಣೇಬೆನ್ನೂರಿಗೆ ಹೋಗಿ, ಅಲ್ಲಿಂದ ಐರಣಿಯ ಬಸ್ಸು ಹಿಡಿದಳು. ಸಂಜೆ ಫೋನು ಬಂತು.

"ನಾ ಐರಣ್ಯಾಗ ಅದೇನಿ. ನೀವು ಬದುಕೀರಿ ಅಂತ ನೀವ ಹೋಗಿ ಹೇಳ್ರಿ. ನನಗ ಹೇಳಾಕ ಬರೂದಿಲ್ಲಂತ."

"ಊಟಕ್ಕೇನು ಮಾಡ್ಲಿ?" ಎಂದೆ. ಇಷ್ಟಾದ ಮೇಲೂ ನನ್ನ ಬಾಯಿಂದ ಬಂದ ಮೊದಲ ಮಾತು ಇದು. ಬರೆಯಲು ನಾಚಿಕೆಯಾಗುತ್ತದೆ, ಆದರೆ ತಪ್ಪೊಪ್ಪಿಗೆ ಎಂದ ಮೇಲೆ ಇದನ್ನು ಬಿಟ್ಟರೆ ಹೇಗೆ?

ನಾನೇ ಮತ್ತೆ, "ಅಕ್ಕಗ ನಿನ್ನ ಮಾರಿ ಕಂಡಿತೇನು?" ಎಂದು ಕೇಳಿದೆ.

"ಮಾರಿ ಕಾಣಲಿಲ್ರಿ. ಮೂಗುತಿ ಹೊಳದದ್ದು ಕಂಡಿತಂತ. ಮಳಿಗಾಲದಾಗ ಬಂದಿದ್ರ ಕಾಣ್ತಿತ್ತು ನೀಲಾ, ಅಂದ್ಲು" ಎಂದು ಹೇಳಿ ಫೋನು ಇಟ್ಟಳು.

ಆ ಮಳೆಗಾಲದ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು: ಒಂದು ಮಿಕ್ಸರ್, ಒಂದು ಹಲ್ಲಿನ ಸೆಟ್ಟು, ಒಂದು ಅಂಗಿ. ಮಿಕ್ಸರ್ ಅಡುಗೆಮನೆಯಲ್ಲಿ ಸುಮ್ಮನೆ ಕೂತಿತ್ತು. ಅಂಗಿ ನನ್ನ ಮೈಮೇಲೇ ಇತ್ತು. ತೆಗೆದು ಗೂಟಕ್ಕೆ ಹಾಕಿದೆ. ಅವತ್ತು ಅವಲಕ್ಕಿ ನೆನೆಸಿಕೊಂಡು ತಿಂದೆ. ಉಪ್ಪು ಎಲ್ಲಿದೆ ಎಂದು ಫೋನು ಮಾಡಿ ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಹಾವೇರಿಗೆ ಟಿಕೀಟು ತೆಗೆಸಿ ಹೋದೆ. ಬಸ್ಸು ತುಂಬ ಹೆಣ್ಣುಮಕ್ಕಳು. ಒಬ್ಬಾಕೆಯ ಮಡಿಲಲ್ಲಿ ಗಂಡನ ಚಪ್ಪಲಿ, ಇನ್ನೊಬ್ಬಾಕೆಯ ಚೀಲದಲ್ಲಿ ಗಂಡಸರ ಛತ್ರಿ. ನನ್ನ ಹಾಗೆ ವಿಚಾರ ಮಾಡುವವರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ ಎಂದು ತಿಳಿದರೂ ಸಮಾಧಾನವಾಗಲಿಲ್ಲ. ಬ್ಯಾಂಕಿನ ಹುಡುಗಿ ಫೋಟೋ ನೋಡಿ, ನನ್ನನ್ನು ನೋಡಿ, "ಕುರ್ಚಿ ಹಿಡದವ್ರು ನೀವೇನ್ರಿ?" ಎಂದಳು. ಹೌದು ಎಂದೆ. ಹೆಬ್ಬೆರಳು ಒತ್ತಿಸಿಕೊಂಡು, ಬದುಕಿದ್ದೇನೆ ಎಂದು ಒಪ್ಪಿಕೊಂಡು ಕಳಿಸಿದಳು.

ಅಲ್ಲಿಂದ ಐರಣಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಗಂಗವ್ವ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ನೀಲವ್ವ ಅವಳ ತಲೆ ಬಾಚುತ್ತಿದ್ದಳು. ನನ್ನನ್ನು ಕಂಡು ಬಾಚಣಿಗೆ ನಿಲ್ಲಿಸಲಿಲ್ಲ. "ಬರ್ರಿ, ಕುಂದರ್ರಿ" ಎಂದವಳು ಒಳಗೆ ಕೂಗಿ, ಗಂಗವ್ವನ ಸೊಸೆಯಿಂದ ಒಂದು ತಾಟಿನಲ್ಲಿ ಶೇಂಗಾ ಹೋಳಿಗೆ, ತುಪ್ಪ ತರಿಸಿದಳು. ನಿನ್ನೆಯಿಂದ ಅವಲಕ್ಕಿಯ ಮೇಲಿದ್ದವನು ನಾನು. ಬಾಯಿಪಾಠ ಆಮೇಲೆ ಒಪ್ಪಿಸಿದರಾಯಿತು ಎಂದುಕೊಂಡೆ.

ಒಂದು ಹೋಳಿಗೆ ಮುಗಿದ ಮೇಲೆ ಎಡಗೈಯಿಂದ ಗಂಗವ್ವನ ಕೈ ಮುಟ್ಟಿ, "ಅಕ್ಕಾರ, ನನ್ನಿಂದ ತಪ್ಪಾತು. ಹೊಟ್ಟ್ಯಾಗ ಹಾಕ್ಕೋರಿ. ನೀಲಾ ಆವಾಗ ಬರದಂಗ ಮಾಡಿದಾಂವ ನಾನ" ಎಂದೆ.

ಆಕೆ ನನ್ನ ಕೈಯನ್ನು ಬಿಡದೆ, ಅಂಗೈಯನ್ನೊಮ್ಮೆ, ಬೆರಳುಗಳನ್ನೊಮ್ಮೆ ಸವರಿ ನೋಡಿದಳು.

"ನೀಲಾ, ನಿನ್ನ ಗಂಡನ ಕೈ ಭಾಳ ಮೆತ್ತಗ ಅದಾವಲ್ಲ. ಕೂತು ಉಂಡವರ ಕೈ ಇದ್ದಂಗ ಅದಾವ."

"ಕಣ್ಣು ಹೋಗ್ಯಾವ ಅಂತೀ, ನೆಟ್ಟಗ ಕಾಣಾಕತ್ತೈತಲ್ಲವಾ ನಿನಗ" ಎಂದಳು ನೀಲವ್ವ. ಅಕ್ಕತಂಗಿಯರಿಬ್ಬರೂ ನಗತೊಡಗಿದರು.

ಹಾಗೇನಿಲ್ಲ, ನಾನೂ ನಾಲ್ಕು ಕೆಲಸ ಮಾಡುತ್ತೇನೆ ಎಂದು ಹೇಳಬೇಕೆಂದಿದ್ದೆ. ಆದರೆ ಆಗ ನನ್ನ ಬಾಯಿ ತುಂಬ ಎರಡನೆಯ ಹೋಳಿಗೆ ಇತ್ತು.